ಮಗುವಿಗೆ ನೀವು ಏನಾಗಬೇಕು? ಇಂಗ್ಲೆಂಡ್‌ನಲ್ಲಿ ಮಲತಂದೆ, ಮಲತಾಯಿಗೆ ಇರುವ ಹಕ್ಕು

ಆಸ್ಪತ್ರೆಯ ಕೌಂಟರ್‌ನಲ್ಲಿ ಮೊದಲು ಕೇಳಿದ್ದೇ ಇದು. ಪಕ್ಕದಲ್ಲಿ ನನ್ನ ಹೆಂಡತಿಯ ಮಗಳು, ಎಂಟು ವರ್ಷದವಳು, ಊದಿಕೊಂಡ ಮೊಣಕೈಗೆ ನನ್ನ ಮಫ್ಲರ್ ಸುತ್ತಿಕೊಂಡು ನಿಂತಿದ್ದಳು. ಸ್ಟೆಪ್‌ಫಾದರ್ ಅಂದೆ. ‘ನಿಮಗೆ ಪೇರೆಂಟಲ್ ರೆಸ್ಪಾನ್ಸಿಬಿಲಿಟಿ ಇದೆಯಾ?’ ಅಂದರು. ಮದುವೆಯಾಗಿ ಎರಡು ವರ್ಷವಾಗಿತ್ತು, ಇದ್ದೇ ಇರುತ್ತದೆ ಅಂತ ನಂಬಿದ್ದೆ. ಇರಲಿಲ್ಲ. ಅವಳ ಅಮ್ಮ ಫೋನ್‌ನಲ್ಲಿ ಸಿಕ್ಕಳು, ಅವತ್ತಿಗೆ ಕೆಲಸ ನಡೆಯಿತು.

ಇಲ್ಲಿ, ಅಂದರೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ (ಸ್ಕಾಟ್ಲೆಂಡ್ ಕಾನೂನು ಬೇರೆ), ಮಗುವಿನ ಚಿಕಿತ್ಸೆ, ಶಾಲೆ, ಹೆಸರು, ವಿದೇಶ ಪ್ರಯಾಣ ಇವನ್ನೆಲ್ಲ ತೀರ್ಮಾನ ಮಾಡುವ ಅಧಿಕಾರಕ್ಕೆ ಪೇರೆಂಟಲ್ ರೆಸ್ಪಾನ್ಸಿಬಿಲಿಟಿ ಅನ್ನುತ್ತಾರೆ, ಚಿಕ್ಕದಾಗಿ ಪಿಆರ್. ಹೆತ್ತ ತಾಯಿಗೆ ಅದು ತಾನಾಗಿಯೇ ಇರುತ್ತದೆ. ತಾಯಿಯನ್ನು ಮದುವೆಯಾಗಿದ್ದ ತಂದೆಗೂ ಇರುತ್ತದೆ, ಡಿವೋರ್ಸ್ ಆದರೂ ಹೋಗುವುದಿಲ್ಲ. ಅವರು ಬೆಂಗಳೂರಿನಲ್ಲಿದ್ದು ತಿಂಗಳಿಗೊಮ್ಮೆ ವಿಡಿಯೋ ಕಾಲ್ ಮಾಡಿದರೂ ಅಷ್ಟೇ. ಆದರೆ ದಿನಾ ಬೆಳಗ್ಗೆ ಡಬ್ಬಿ ಕಟ್ಟಿ ಶಾಲೆಗೆ ಬಿಡುವ ನಿಮಗೆ, ಬರೀ ಮದುವೆಯಿಂದ ಅದು ಬರುವುದಿಲ್ಲ.

ಹಾಗಂತ ನಿಮ್ಮ ಕೈ ಪೂರ್ತಿ ಕಟ್ಟಿಲ್ಲ. 1989ರ ಚಿಲ್ಡ್ರನ್ ಆ್ಯಕ್ಟ್ ಪ್ರಕಾರ, ಮಗುವನ್ನು ನೋಡಿಕೊಳ್ಳುತ್ತಿರುವವರು ಅದರ ಒಳ್ಳೆಯದಕ್ಕೆ ಬೇಕಾದದ್ದನ್ನು ಮಿತಿಯಲ್ಲಿ ಮಾಡಬಹುದು. ತುರ್ತು ಇದ್ದರೆ ಡಾಕ್ಟರು ಸಹಿಗೆ ಕಾಯುವುದಿಲ್ಲ. ಶಿಕ್ಷಣ ಕಾನೂನಿನಲ್ಲಂತೂ ಮಗುವಿನ ಪಾಲನೆ ಮಾಡುವವರೂ ‘ಪೇರೆಂಟ್’ ಆಗುತ್ತಾರೆ, ಪಿಆರ್ ಇಲ್ಲದಿದ್ದರೂ. ಮೊದಲೇ ದಿನ ಗೊತ್ತು ಮಾಡಿದ ಆಪರೇಷನ್ ಥರದ ವಿಷಯ ಬಂದಾಗ ಮಾತ್ರ ತೊಂದರೆ.

ಸುಲಭದ ದಾರಿ ಒಂದಿದೆ, ಅದು ಗೊತ್ತಿರುವವರು ಕಡಿಮೆ. 2005ರ ಡಿಸೆಂಬರ್ 30ರಿಂದ, ತಂದೆ ಅಥವಾ ತಾಯಿಯನ್ನು ಮದುವೆಯಾದವರು ಒಪ್ಪಂದದ ಮೂಲಕವೇ ಪಿಆರ್ ಪಡೆಯಬಹುದು. ಫಾರ್ಮ್‌ನ ಹೆಸರು ಸಿ(ಪಿಆರ್‌ಎ2). ಪಿಆರ್ ಇರುವ ಇಬ್ಬರು ಪೋಷಕರೂ ಒಪ್ಪಬೇಕು, ನಿಮ್ಮ ಹೆಂಡತಿ ಒಬ್ಬಳೇ ಹೂಂ ಅಂದರೆ ಸಾಲದು. ಮನೆಯಲ್ಲಿ ಸುಮ್ನೆ ಸಹಿ ಹಾಕಿಬಿಡಬೇಡಿ, ಕೋರ್ಟ್‌ಗೆ ಹೋಗಿ ಅಲ್ಲಿನ ಅಧಿಕಾರಿಯ ಎದುರೇ ಹಾಕಬೇಕು. ಮಗುವಿನ ಜನನ ಪತ್ರ, ನಿಮ್ಮ ಮದುವೆ ಪತ್ರ, ಫೋಟೋ ಇರುವ ಗುರುತಿನ ಚೀಟಿ ಜೊತೆಗಿರಲಿ. ಹಳೆಯ ಗಂಡ ಊರಿನಲ್ಲಿದ್ದರೆ ಇದೇ ಕಷ್ಟದ ಭಾಗ. ಮಗುವನ್ನು ನೋಡಲು ಅವರು ಇಲ್ಲಿಗೆ ಬಂದಾಗ ಸಹಿಗೆ ಒಂದು ದಿನ ಇಟ್ಟುಕೊಳ್ಳಿ. ಒಪ್ಪದಿದ್ದರೆ ನೀವೇ ಕೋರ್ಟ್‌ಗೆ ಅರ್ಜಿ ಹಾಕಬಹುದು.

ಕೇಳುವ ರೀತಿ ಮುಖ್ಯ. ‘ನಿಮ್ಮ ಹಕ್ಕು ಕಿತ್ತುಕೊಳ್ಳುತ್ತಿಲ್ಲ, ನಾನೂ ಒಬ್ಬ ಸೇರುತ್ತಿದ್ದೇನೆ ಅಷ್ಟೇ’ ಅಂತ ಮೊದಲೇ ಹೇಳಿ. ಅದು ನಿಜವೂ ಹೌದು. ಜಗಳ ಶುರುವಾದ ಮೇಲೆ ಕೇಳಿದರೆ ಯಾರು ತಾನೇ ಒಪ್ಪುತ್ತಾರೆ, ಅಲ್ವಾ? ದತ್ತು ಮಾತ್ರ ಬೇರೆ ವಿಷಯ. ಮಲತಂದೆ ದತ್ತು ತೆಗೆದುಕೊಂಡರೆ ಹೆತ್ತ ತಂದೆಯ ಪಿಆರ್ ಹೋಗಿಯೇ ಬಿಡುತ್ತದೆ. ಮಗುವಿಗೆ ಅಪ್ಪನ ಮೇಲೆ ಪ್ರೀತಿ ಇದ್ದರೆ ದಯವಿಟ್ಟು ಆ ದಾರಿಗೆ ಅವಸರದಲ್ಲಿ ಹೋಗಬೇಡಿ.

ಮದುವೆಯಾಗದೆ ಜೊತೆಗಿರುವವರಿಗೆ ಈ ಫಾರ್ಮ್ ನಡೆಯುವುದಿಲ್ಲ. ಮಗು ನಿಮ್ಮ ಜೊತೆಗೂ ‘ವಾಸಿಸುತ್ತದೆ’ ಅನ್ನುವ ಚೈಲ್ಡ್ ಅರೇಂಜ್‌ಮೆಂಟ್ಸ್ ಆರ್ಡರ್ ಕೋರ್ಟ್‌ನಿಂದ ಸಿಕ್ಕರೆ, ಅದು ಜಾರಿಯಲ್ಲಿರುವಷ್ಟು ಕಾಲ ಪಿಆರ್ ಬರುತ್ತದೆ. ಮಗು ಮೂರು ವರ್ಷ ನಿಮ್ಮ ಜೊತೆ ಇದ್ದಿದ್ದರೆ ಈ ಅರ್ಜಿಗೆ ಕೋರ್ಟ್‌ನ ಮುಂಗಡ ಅನುಮತಿ ಬೇಕಿಲ್ಲ. ಮದುವೆಯಾದವರಿಗೆ, ಮಗು ಆ ಸಂಸಾರದಲ್ಲೇ ಬೆಳೆದಿದ್ದರೆ, ಮೂರು ವರ್ಷದ ಲೆಕ್ಕವೂ ಇಲ್ಲ. ನೀವಿಬ್ಬರೂ ಮುಂದೆ ಬೇರೆಯಾದರೂ ಮಗುವನ್ನು ನೋಡಲು ಕೇಳುವ ದಾರಿ ಇದೇ. ಒಮ್ಮೆ ಒಪ್ಪಂದದಿಂದ ಬಂದ ಪಿಆರ್ ಡಿವೋರ್ಸ್‌ನಿಂದ ಹೋಗುವುದಿಲ್ಲ, ಕೋರ್ಟೇ ತೆಗೆಯಬೇಕು.

ಬೇಸಿಗೆ ರಜೆಗೆ ಊರಿಗೆ ಹೊರಡುವಾಗ ಜಾಸ್ತಿ ಎಚ್ಚರ ಬೇಕು. ಪಿಆರ್ ಇರುವ ಎಲ್ಲರ ಒಪ್ಪಿಗೆ ಇಲ್ಲದೆ ಮಗುವನ್ನು ದೇಶದಿಂದ ಹೊರಗೆ ಕರೆದೊಯ್ದರೆ ಅಪಹರಣದ ಕೇಸ್ ಆಗಬಹುದು. ಮಗು ನಿಮ್ಮ ಜೊತೆ ವಾಸಿಸುತ್ತದೆ ಅನ್ನುವ ಆರ್ಡರ್ ನಿಮ್ಮ ಹೆಸರಿನಲ್ಲಿದ್ದರೆ 28 ದಿನದ ತನಕ ವಿನಾಯಿತಿ ಇದೆ. ಮಕ್ಕಳ ಅಪಹರಣದ ಬಗ್ಗೆ ಇರುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ, ಹಾಗಾಗಿ ಮಗು ವಾಪಸ್ ಬರುತ್ತದೋ ಇಲ್ಲವೋ ಅನ್ನುವ ಹೆದರಿಕೆ ಆ ಕಡೆಯವರಿಗೆ ಸಹಜ. ವಾಪಸ್ ಟಿಕೆಟ್, ಅಲ್ಲಿ ಉಳಿಯುವ ವಿಳಾಸ ಕಳಿಸಿ, ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ.

ದುಡ್ಡಿನ ವಿಷಯ: ಮಕ್ಕಳ ಜೀವನಾಂಶ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಚೈಲ್ಡ್ ಮೇಂಟೆನೆನ್ಸ್ ಸರ್ವಿಸ್ ಮಲತಂದೆಯಿಂದ ದುಡ್ಡು ಕೇಳುವುದಿಲ್ಲ. ಆದರೆ ಮದುವೆ ಮುರಿದಾಗ ಸಂಸಾರದಲ್ಲಿ ಬೆಳೆದ ಮಗುವಿಗೆ ಖರ್ಚು ಕೊಡಿ ಅಂತ ಕೋರ್ಟ್ ಹೇಳಬಹುದು. ನೀವು ವಿಲ್ ಬರೆಯದೆ ತೀರಿಕೊಂಡರೆ ಮಲಮಗಳಿಗೆ ತಾನಾಗಿ ಏನೂ ಸೇರುವುದಿಲ್ಲ. ವಿಲ್ ಬರೆಯಿರಿ, ಅದರಲ್ಲಿ ಅವಳ ಹೆಸರು ಹಾಕಿ.

ಸಹಿಯಾದ ಫಾರ್ಮ್ ಲಂಡನ್ನಿನ ಸೆಂಟ್ರಲ್ ಫ್ಯಾಮಿಲಿ ಕೋರ್ಟ್‌ನಲ್ಲಿ ದಾಖಲಾದ ಮೇಲಷ್ಟೇ ಒಪ್ಪಂದ ಊರ್ಜಿತ. ಮುದ್ರೆ ಹಾಕಿದ ಪ್ರತಿ ಮನೆಗೆ ಬಂದ ದಿನವೇ ಶಾಲೆಗೊಂದು, ಜಿಪಿಗೊಂದು (ಅಂದರೆ ನಿಮ್ಮ ಫ್ಯಾಮಿಲಿ ಡಾಕ್ಟರಿಗೆ) ಜೆರಾಕ್ಸ್ ಕೊಟ್ಟುಬಿಡಿ.