ಒಂದು ರಾತ್ರಿ ಫ್ರಿಜ್‌ನಲ್ಲಿ: ಟಾರ್ಟ್, ತಂಗಳು ಶ್ಯಾವಿಗೆ ಮತ್ತು ನನ್ನ ಡೊಂಬಿವಲಿ ಅಡುಗೆಮನೆ

ಹೋದ ಆಗಸ್ಟ್‌ನಲ್ಲಿ ಮುಂಬಯಿ ಬಳಿಯ ನಮ್ಮ ಡೊಂಬಿವಲಿಯಲ್ಲಿ ಮೂರು ದಿನ ಬಿಡದೆ ಮಳೆ ಹೊಯ್ಯುತ್ತಿತ್ತು. ಮಧ್ಯಾಹ್ನ ಎರಡಕ್ಕೆ ಡಬ್ಬಿ ಸೇರಿದ ನನ್ನ ನಿಂಬೆ ಟಾರ್ಟ್ (ಹೂರಣ ತುಂಬಿದ ಗರಿಗರಿ ಹಿಟ್ಟಿನ ಬಟ್ಟಲು) ಸಂಜೆ ಏಳಕ್ಕೆ ಮುಂಬಯಿಯ ಮುಲುಂಡಿನ ಒಂದು ಮನೆಯಲ್ಲಿ, ಮೆತ್ತಗಾಗದೆ, ಕಟ್ ಎಂದು ಮುರಿಯಿತು. ಆ ಸದ್ದನ್ನು ಅವರು ಫೋನಿನಲ್ಲೇ ಕೇಳಿಸಿದರು. ನಮ್ಮ ಮಹಿಳಾ ಬಳಗದವರು ಎರಡು ವರ್ಷದಿಂದ ಹೇಳುತ್ತಿದ್ದದ್ದು ಒಂದೇ ಮಾತು: ಇಲ್ಲಿಯ ಮಳೆಗಾಲದಲ್ಲಿ ಕರಿದ ಹಪ್ಪಳವೇ ಅರ್ಧ ಗಂಟೆ ನಿಲ್ಲುವುದಿಲ್ಲ, ಟಾರ್ಟ್ ಎಲ್ಲಿಂದ ನಿಲ್ಲಬೇಕು? ಶ್ಯಾವಿಗೆ ನೂಡಲ್ಸ್ ವಿಷಯದಲ್ಲಂತೂ ಅತ್ತೆಯೇ ಎದುರು ನಿಂತಿದ್ದರು. ಈಗ ಎರಡೂ ಕೈಗೆ ಹತ್ತಿವೆ. ಎರಡಕ್ಕೂ ದಾರಿ ಒಂದೇ, ಹಿಂದಿನ ರಾತ್ರಿಯ ಫ್ರಿಜ್.

ಟಾರ್ಟ್‌ನಿಂದ ಶುರುಮಾಡುತ್ತೇನೆ, ಹೆಚ್ಚು ದುಡ್ಡು ಹೋದದ್ದು ಅದರಲ್ಲಿ. ವಾರಾಂತ್ಯದ ಒಂದು ಬೇಕಿಂಗ್ ತರಗತಿಗೆ 4,500 ರೂಪಾಯಿ ಕಟ್ಟಿದ್ದೆ. ಎಸಿ ಕೋಣೆಯಲ್ಲಿ, ಕಲ್ಲಿನ ಮೇಜಿನ ಮೇಲೆ ಎಲ್ಲ ಹೂವು ಎತ್ತಿದಷ್ಟು ಸುಲಭವಾಗಿ ಬಂತು. ಮನೆಗೆ ಬಂದು ಅದೇ ಅಳತೆಯಲ್ಲಿ ಮಾಡಿದರೆ, ಮೈದಾಕ್ಕೆ ಬೆಣ್ಣೆ ಬೆರೆಸುವಾಗಲೇ ಅದು ಬೆರಳ ಸಂದಿಯಲ್ಲಿ ಎಣ್ಣೆಯಾಗಿ ಇಳಿಯಿತು. ಮೇ ತಿಂಗಳಲ್ಲಿ ನನ್ನ ಅಡುಗೆಮನೆ 34 ಡಿಗ್ರಿ. ಬೆಣ್ಣೆ ಅಲ್ಲಿ ಬೆಣ್ಣೆಯಾಗಿ ಇರುವುದೇ ಇಲ್ಲ. ಓವನ್‌ಗಿಟ್ಟ ಹತ್ತು ನಿಮಿಷಕ್ಕೆ ಹೂರಣ ತುಂಬುವ ಹಿಟ್ಟಿನ ಬಟ್ಟಲಾದ ಶೆಲ್‌ನ ಗೋಡೆ ಜಾರಿ ತಳಕ್ಕೆ ಕೂತುಬಿಡುತ್ತಿತ್ತು. ಹೊರಗೆ ತೆಗೆದರೆ ಬಿಸ್ಕತ್ತಿನಂಥ ಗಟ್ಟಿ ಬಿಲ್ಲೆ. ಆ ತರಗತಿಯಲ್ಲಿ ಕೋಣೆಯ ಶಾಖದ ಬಗ್ಗೆ ಒಂದು ಮಾತನ್ನೂ ಹೇಳಿರಲಿಲ್ಲ. ಇವತ್ತಿಗೂ ನನ್ನ ದೂರು ಅದೇ.

ಮೊದಲ ವರ್ಷ ಬೆಣ್ಣೆಗೇ ಏಳೆಂಟು ಸಾವಿರ ಹೋಗಿರಬೇಕು. ಆಗ ಅರ್ಧ ಕಿಲೊ ಪೊಟ್ಟಣ 280ರ ಆಸುಪಾಸು, ಉಪ್ಪಿಲ್ಲದ್ದು ಇನ್ನೂ ಮೇಲೆ. ಅದರ ಮೇಲೆ ಮೊಟ್ಟೆ, ನಿಂಬೆ, ಕ್ರಾಫರ್ಡ್ ಮಾರ್ಕೆಟ್ಟಿನಿಂದ ತಂದ ಅಚ್ಚುಗಳು. ತಳ ಬಿಚ್ಚುವ ಅಚ್ಚು ಡಜನ್ನಿಗೆ ಸುಮಾರು 900 ಬಿತ್ತು. ಅದಕ್ಕೂ ಮುಂಚೆ ಅಗ್ಗಕ್ಕೆಂದು ತೆಳು ತಗಡಿನವು ಕೊಂಡು ಎಸೆದಾಗಿತ್ತು. 25 ಲೀಟರಿನ ಓಟಿಜಿ, ಅಂದರೆ ಚಿಕ್ಕ ವಿದ್ಯುತ್ ಓವನ್, ಐದು ಸಾವಿರ ಚಿಲ್ಲರೆ. ಅದರ ಗುಂಡಿ 180 ತೋರಿಸಿದಾಗ ಒಳಗೆ ನಿಜಕ್ಕೂ ಇರುವುದು 160 ಎಂದು 400 ರೂಪಾಯಿಯ ಒಂದು ಥರ್ಮಾಮೀಟರ್ ಹೇಳಿಕೊಟ್ಟಿತು. ಎಲ್ಲಕ್ಕಿಂತ ಮೊದಲು ಅದನ್ನೇ ಕೊಳ್ಳಬೇಕಿತ್ತು.

ನನ್ನ ಕೆಲಸ ದಾದರಿನ ಒಂದು ಆಫೀಸಿನ ಲೆಕ್ಕದ ವಿಭಾಗದಲ್ಲಿ. ಬೆಳಿಗ್ಗೆ 7.40ರ ಲೋಕಲ್, ಮನೆ ಸೇರುವುದು ರಾತ್ರಿ ಎಂಟೂವರೆಗೆ. ಹಾಗಾಗಿ ಪ್ರಯೋಗವೆಲ್ಲ ಶನಿವಾರಕ್ಕೆ ಬೀಳುತ್ತಿತ್ತು, ಅದೂ ಮಧ್ಯಾಹ್ನದ ಸೆಕೆಯಲ್ಲಿ. ಒಂದು ಶುಕ್ರವಾರ ರಾತ್ರಿ ನಿದ್ದೆ ಬಾರದೆ ಹನ್ನೊಂದಕ್ಕೆ ಹಿಟ್ಟು ಕಲಸಿ, ಲಟ್ಟಿಸಿ, ಅಚ್ಚಿಗೆ ಒತ್ತಿ, ಅಚ್ಚಿನ ಸಮೇತ ಫ್ರಿಜ್‌ಗೆ ಇಟ್ಟು ಮಲಗಿದೆ. ಬೆಳಿಗ್ಗೆ ಆರಕ್ಕೆ ನೇರ ಫ್ರಿಜ್ಜಿನಿಂದ ಕಾದ ಓವನ್‌ಗೆ. ಗೋಡೆ ಒಂದು ನೂಲೂ ಜಾರಲಿಲ್ಲ. ಹಿಟ್ಟನ್ನು ಉಂಡೆಯಾಗಿ ಅರ್ಧ ಗಂಟೆ ತಣ್ಣಗಿಡುವುದು ಎಲ್ಲರಿಗೂ ಗೊತ್ತು. ನಮ್ಮ ಊರಿನ ಹವೆಗೆ ಅದು ಸಾಲದು. ಲಟ್ಟಿಸುವಾಗ ಮತ್ತೆ ಬೆಚ್ಚಗಾಗುತ್ತದೆ. ಆಕಾರ ಕೊಟ್ಟ ಮೇಲೆ ಇಡೀ ರಾತ್ರಿ ತಣ್ಣಗಿರಬೇಕು, ನಾನು ಹೇಳುವ ವ್ಯತ್ಯಾಸ ಅದೇ.

ಬೆಣ್ಣೆಯನ್ನು ಈಗ ಫ್ರೀಜರಿನಲ್ಲಿ ಕಲ್ಲು ಮಾಡಿ ಕಾಯಿ ತುರಿಯುವ ಹಾಗೆ ಮೈದಾದ ಮೇಲೆ ತುರಿಯುತ್ತೇನೆ. ಮೈದಾವೂ ಎರಡು ಗಂಟೆ ಫ್ರಿಜ್‌ನಲ್ಲಿದ್ದದ್ದೇ. ಹಿಟ್ಟು ಒಟ್ಟು 250 ಗ್ರಾಂ, ಬೆಣ್ಣೆ ಅದರರ್ಧ, ಸಿಹಿಗೆ ಸಕ್ಕರೆ, ಒಂದು ಮೊಟ್ಟೆಯ ಹಳದಿ, ಎರಡು ಮೂರು ಚಮಚ ಐಸ್ ನೀರು. ಮೈದಾದ ಒಂದು ಭಾಗ ತೆಗೆದು ಅಕ್ಕಿಹಿಟ್ಟು ಸೇರಿಸುತ್ತೇನೆ, ಚಕ್ಕುಲಿಯ ಗರಿ ಅದರಿಂದಲೇ ಬರುವುದು. ಎಷ್ಟು ಎಂಬುದನ್ನು ಮಾತ್ರ ಬರೆಯುವುದಿಲ್ಲ, ನನ್ನ ಆರ್ಡರುಗಳು ನಿಂತಿರುವುದು ಅದರ ಮೇಲೆ. ಕಾಲು ಭಾಗಕ್ಕಿಂತ ಕಡಿಮೆ ಎಂದಷ್ಟು ಹೇಳಬಲ್ಲೆ. ಮೀರಿದರೆ ಶೆಲ್ ಮರಳಾಗಿ ಉದುರುತ್ತದೆ.

ಖಾಲಿ ಶೆಲ್ ಬೇಯಿಸುವಾಗ ತಳ ಉಬ್ಬದಂತೆ ಕಾಗದ ಹಾಸಿ ಮೇಲೆ ಭಾರಕ್ಕೆ ಹಾಕಲು ಪಿಂಗಾಣಿ ಮಣಿಗಳು ಸಿಗುತ್ತವೆ, ಒಂದು ಡಬ್ಬಿಗೆ ಏಳುನೂರೋ ಎಂಟುನೂರೋ. ನಾನು ಹಾಕುವುದು ಹುರುಳಿ. ರಾಜ್ಮಾ ಹಾಕಿದರೆ ಮೂಲೆಗೆ ಇಳಿಯುವುದಿಲ್ಲ, ಅಕ್ಕಿಯಾದರೆ ಆ ಕಾಗದದ ಕೆಳಗೆ ನುಸುಳಿ ಹಿಟ್ಟಿಗೆ ಅಂಟುತ್ತದೆ. ಹುರುಳಿ ಚಪ್ಪಟೆ, ಭಾರ, ಅಂಚಿನ ಒಳಗೆಲ್ಲ ಹೋಗಿ ಕೂರುತ್ತದೆ. ಅದೇ ಒಂದೂವರೆ ಕಿಲೊ ಹುರುಳಿ ಎರಡನೇ ವರ್ಷ ನಡೆಯುತ್ತಿದೆ. ಭಾರದೊಂದಿಗೆ 18 ನಿಮಿಷ, ತೆಗೆದು ಇನ್ನೊಂದು ಎಂಟು ನಿಮಿಷ, ತಳ ಒಣಗಿ ಗೋಧಿ ಬಣ್ಣ ಬರುವವರೆಗೆ. ಬಿಸಿಯಿರುವಾಗಲೇ ಮೊಟ್ಟೆಯ ಬಿಳಿಯನ್ನು ತೆಳ್ಳಗೆ ಸವರಿ ಮತ್ತೆರಡು ನಿಮಿಷ ಒಳಗೆ. ಶೆಲ್‌ಗೆ ಅದು ಗಾಜಿನ ಹಾಗೆ ಮೇಲುಹೊದಿಕೆ, ತುಂಬಿದ ಹೂರಣದ ಪಸೆ ಕೆಳಗಿಳಿಯುವುದಿಲ್ಲ. ನಮ್ಮ ಮಹಡಿಯ ಗುಜರಾತಿ ಮನೆಗೆ ಮೊಟ್ಟೆ ಆಗದು. ಅವರಿಗೆ ಹಿಟ್ಟಿಗೆ ಹಳದಿಯ ಬದಲು ಕಟ್ಟಿದ ಗಟ್ಟಿ ಮೊಸರು, ಒಳಗೆ ಕರಗಿಸಿದ ಬಿಳಿ ಚಾಕೊಲೇಟು ಸವರುತ್ತೇನೆ. ಹೂರಣವೂ ಮೊಟ್ಟೆಯಿಲ್ಲದ್ದು.

ಒಳಗೆ ತುಂಬಲು ನಿಂಬೆ ಸದಾ ನಡೆಯುತ್ತದೆ, ಮೇ ತಿಂಗಳಲ್ಲಿ ಆಪೂಸು ಮಾವು. ಪುನರ್ಪುಳಿಯದ್ದೊಂದು (ಕೋಕಂ ಹಣ್ಣಿನದ್ದು) ಮಾಡಬೇಕೆಂಬ ಹಟ ಹಿಡಿದು ನಾಲ್ಕು ವಾರ ಕಳೆದೆ. ಮೊಟ್ಟೆಯ ಹಳದಿಯೊಂದಿಗೆ ಬೇಯಿಸಿದ ಕೂಡಲೇ ಆ ಚಂದದ ಕೆಂಪು ಹೋಗಿ ಗದ್ದೆಯ ಕೆಸರಿನ ಬಣ್ಣ ಬರುತ್ತದೆ. ರುಚಿ ಇದೆ, ಆದರೆ ಕಣ್ಣಿಗೆ ಆಗದು. ಕೊನೆಗೆ ಕೆಳಗೆ ಕಾಯಿಹಾಲಿನ ಬಿಳಿ ಹೂರಣ, ಮೇಲೆ ಹೆಪ್ಪುಗಟ್ಟಿಸುವ ಚೈನಾ ಗ್ರಾಸ್ ಹಾಕಿ ಕುದಿಸಿದ ಪುನರ್ಪುಳಿಯ ತೆಳು ಪದರ ಹೊಯ್ದೆ. ಕತ್ತರಿಸಿದಾಗ ಬಿಳಿಯ ಮೇಲೆ ಮಾಣಿಕ್ಯದ ಗೆರೆ. ನಾನು ಮಾಡಿದ್ದರಲ್ಲಿ ಅತಿ ಚಂದದ್ದು ಅದೇ, ಈ ಮಾತಿಗೆ ಸಂಕೋಚವಿಲ್ಲ. ಯುಗಾದಿಗೆ ಕಡಲೆಬೇಳೆ ಹೂರಣದ ಟಾರ್ಟ್ ಮಾಡಿದ್ದು ಮಾತ್ರ ಒಣಕಲಾಯಿತು. ಒಬ್ಬಟ್ಟಿಗೆ ತುಪ್ಪ ಹೊಯ್ದು ತಿನ್ನುತ್ತೇವೆ, ಟಾರ್ಟ್‌ಗೆ ಹೊಯ್ಯುವುದು ಹೇಗೆ? ಅದನ್ನು ಬಿಟ್ಟೆ.

ಇನ್ನು ಶ್ಯಾವಿಗೆ. ಕುಂದಾಪುರದಿಂದ ಬಸ್ಸಿನಲ್ಲಿ ಹೊತ್ತು ತಂದ ಶ್ಯಾವಿಗೆ ಒತ್ತುವ ಮೂರು ಕಾಲಿನ ಕಬ್ಬಿಣದ ಒರಳು ಮನೆಯಲ್ಲಿದೆ, ಆರೇಳು ಕಿಲೊ ತೂಕ. ಮಕ್ಕಳಿಗೆ ಪ್ಯಾಕೆಟ್ ನೂಡಲ್ಸ್ ಬೇಕು, ನನಗೆ ಅದು ಮನೆಗೆ ಬರುವುದು ಬೇಡ. ಒತ್ತು ಶ್ಯಾವಿಗೆಯನ್ನೇ ಸೀಗಡಿ, ಬೊಂಡಾಸದೊಂದಿಗೆ (ಸ್ಕ್ವಿಡ್) ಬಾಣಲೆಯಲ್ಲಿ ಹುರಿದರೆ ಆಗಬಾರದೇಕೆ? ಬಿಸಿ ಶ್ಯಾವಿಗೆ ಹಾಕಿದೆ, ಎರಡು ಸಲ ಸೌಟು ಆಡಿಸಿದ ಮೇಲೆ ಉಪ್ಪಿಟ್ಟು. ಸೌಟು ಬಿಟ್ಟು ಇಕ್ಕಳದಲ್ಲಿ ಹೊರಳಿಸಿದೆ, ಆಗಲೂ ಉಪ್ಪಿಟ್ಟೇ. ಹೋಟೆಲಿನ ಅಡುಗೆಯಲ್ಲೇ ಮೂವತ್ತು ವರ್ಷ ಕಳೆದ ನಮ್ಮ ಸಂಬಂಧಿಕರೊಬ್ಬರು, ಅಕ್ಕಿಯದ್ದು ಬಾಣಲೆ ತಡೆಯುವುದಿಲ್ಲ, ಹಕ್ಕಾ ನೂಡಲ್ಸ್ ಪ್ಯಾಕೆಟ್ ತಂದುಬಿಡಿ ಎಂದರು.

ಟಾರ್ಟ್ ಗೆದ್ದ ಮೇಲೆ ಶ್ಯಾವಿಗೆಯನ್ನೂ ರಾತ್ರಿಯಿಡೀ ತಣ್ಣಗಿಟ್ಟು ನೋಡೋಣ ಎನಿಸಿತು. ಅತ್ತೆ ಕೇಳಿದ್ದು, "ತಂಗ್ಳ್ ಶ್ಯಾವಿಗಿ ಯಾರ್ ತಿಂತ್ರ್ ಮಾರಾಯ್ತಿ?" ಬಿಸಿಬಿಸಿ ಒತ್ತಿ ಕಾಯಿಹಾಲಿನಲ್ಲಿ ಉಣ್ಣುವ ಶ್ಯಾವಿಗೆಯನ್ನು ತಂಗಳು ಮಾಡುವುದೆಂದರೆ ಅವರಿಗೆ ಅದು ಅನ್ನಕ್ಕೇ ಅವಮಾನ. ಆದರೆ ಬೆಳಿಗ್ಗೆ ಡಬ್ಬಿ ತೆರೆದಾಗ ಒಂದೊಂದು ಎಳೆಯೂ ಬಿಗಿಯಾಗಿ, ಬಾಗಿಸಿದರೆ ಬಾಗಿ ನಿಂತಿತ್ತು. ಬಾಣಲೆಯಲ್ಲಿ ಒಂದೂ ತುಂಡಾಗಲಿಲ್ಲ. ಬೆಂದ ಅಕ್ಕಿಯ ಗಂಜಿಯ ಅಂಶ (ಪಿಷ್ಟ) ತಣ್ಣಗಾದಷ್ಟೂ ಬಿಗಿಯುತ್ತದೆ. ರಾತ್ರಿಯ ಅನ್ನದ ಚಿತ್ರಾನ್ನ ಉದುರುದುರಾಗಿ ಬರುವುದೂ ಅದಕ್ಕೇ, ನಾವೆಲ್ಲ ಕೈಯಲ್ಲಿ ಬಲ್ಲ ವಿಷಯವೇ.

ಅಕ್ಕಿಯಲ್ಲೂ ಪಾಠವಾಯಿತು. ಇಲ್ಲಿ ಎಲ್ಲೆಡೆ ಸಿಗುವ ಕೋಲಮ್‌ನಲ್ಲಿ ಮಾಡಿದ್ದು ಮೆತ್ತಗೆ. ಈಗ ಉಕ್ಡಾ (ಕುಚ್ಚಲಕ್ಕಿ) ಎರಡು ಪಾಲು, ಹಳೆಯ ಸೋನಾಮಸೂರಿ ಒಂದು ಪಾಲು. ನೆನೆಸಿ, ನುಣ್ಣಗೆ ರುಬ್ಬಿ, ಕಡುಬಾಗಿ ಹಬೆಯಲ್ಲಿ ಬೇಯಿಸಿ, ಬಿಸಿಯಲ್ಲೇ ಬಾಳೆಲೆಯ ಮೇಲೆ ಒತ್ತುವುದು. ಈ ಕೆಲಸಕ್ಕೆ ಮಾತ್ರ ರುಬ್ಬುವಾಗ ಕಾಯಿ ಹಾಕುವುದಿಲ್ಲ. ಫ್ಯಾನಿನಡಿ ಆರಿಸಿ, ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬಿಡಿಸಿ, ಒಂದು ಗಂಟೆಯೊಳಗೆ ಫ್ರಿಜ್‌ಗೆ. ಅನ್ನದ ಪದಾರ್ಥ ಈ ಸೆಕೆಯಲ್ಲಿ ಹೊರಗೆ ಕೂತರೆ ಹೊಟ್ಟೆ ಕೆಡಿಸುತ್ತದೆ, ಅದರಲ್ಲಿ ಉದಾಸೀನ ಬೇಡ. ಹನ್ನೆರಡು ಗಂಟೆ ಸಾಕು. ಎರಡನೇ ದಿನಕ್ಕೆ ಎಳೆ ಒರಟಾಗಿ ಸೀಳುತ್ತದೆ.

ಮೀನಿಗೆ ಮೊದಲು ಮುಂಬಯಿಯ ಮೀನಿನ ಬಂದರು ಭಾವುಚಾ ಧಕ್ಕಾಕ್ಕೇ ಹೋಗುತ್ತಿದ್ದೆ. ಬೆಳಗಿನ ಜಾವದ ಗಾಡಿ ಹಿಡಿದು, ಹಾರ್ಬರ್ ಲೈನಿಗೆ ಬದಲಿಸಿ, ಡಾಕ್‌ಯಾರ್ಡ್ ರೋಡಿನಲ್ಲಿ ಇಳಿದು ನಡೆದರೆ ಧಕ್ಕೆ. ದರ ಅಗ್ಗವೇ, ಆದರೆ ಅಲ್ಲಿ ಬುಟ್ಟಿಗಟ್ಟಲೆ ಎತ್ತುವವರ ನಡುವೆ ಎರಡು ಕಿಲೊ ಕೇಳುವವರಿಗೆ ಮರ್ಯಾದೆ ಕಡಿಮೆ. ಒಂದು ಮೇ ತಿಂಗಳು ಐಸ್ ಸಾಲದೆ, ನಾನು ಮಾಲ್ ಡಬ್ಬಾದಲ್ಲಿ (ಲೋಕಲ್ಲಿನ ಸಾಮಾನಿನ ಬೋಗಿ) ಇದ್ದಾಗ ಗಾಡಿ ಮುಕ್ಕಾಲು ಗಂಟೆ ನಿಂತು, ಎರಡು ಕಿಲೊ ಸೀಗಡಿ ಡೊಂಬಿವಲಿ ಮುಟ್ಟುವಾಗ ವಾಸನೆ ಹೊಡೆಯಿತು. ಎಂಟುನೂರು ಒಂಬೈನೂರು ರೂಪಾಯಿ ಒಂದೇ ದಿನಕ್ಕೆ ಕಸದ ಬುಟ್ಟಿಗೆ. ಈಗ ನಮ್ಮ ಮಾರ್ಕೆಟ್ಟಿನ ಕೋಳಿ ಬಾಯಿ, ಅಂದರೆ ಕೋಳಿ ಎಂಬ ಮೀನುಗಾರ ಸಮುದಾಯದ ಹೆಂಗಸು, ನನಗೆಂದೇ ಸೀಗಡಿಯ ತಲೆ ತೆಗೆಯದೆ ಇಡುತ್ತಾಳೆ. ಉಳಿದವರು ಬಿಟ್ಟುಹೋದ ತಲೆಗಳನ್ನೂ ಹಿಡಿ ತುಂಬ ಕೊಡುತ್ತಾಳೆ, ದುಡ್ಡಿಲ್ಲದೆ.

ಆ ತಲೆಗಳೇ ನನ್ನ ಬಂಡವಾಳ. ಕೊಬ್ಬರಿ ಎಣ್ಣೆಯಲ್ಲಿ ತಲೆ, ಸಿಪ್ಪೆ ಹುರಿದು, ಸೌಟಿನಿಂದ ಜಜ್ಜಿದಾಗ ಒಳಗಿನ ಕೇಸರಿ ರಸ ಎಣ್ಣೆಗಿಳಿಯುತ್ತದೆ. ಇಡೀ ಅಡುಗೆಮನೆ ಗಂಗೊಳ್ಳಿಯ ಬಂದರಿನ ಹಾಗೆ ಘಮಘಮ. ನೀರು ಹೊಯ್ದು ಇಪ್ಪತ್ತೇ ನಿಮಿಷ ಕುದಿಸಿ ಸೋಸಬೇಕು. ಒಂದು ಗಂಟೆ ಕುದಿಸಿದರೆ ಹೆಚ್ಚು ರುಚಿ ಬರುತ್ತದೆಂದು ನಂಬಿ ಮೂರು ಸಲ ಕಹಿ ಮಾಡಿಕೊಂಡೆ. ಆ ರಸಕ್ಕೆ ಬ್ಯಾಡಗಿ ಮೆಣಸು, ಬೆಳ್ಳುಳ್ಳಿ, ಕಾಳುಮೆಣಸು ಅರೆದದ್ದು, ಚೂರು ಹುಣಸೆ, ಚೂರು ಬೆಲ್ಲ. ಇನ್ನೊಂದು ಸಾಮಾನಿದೆ, ಅತ್ತೆಯ ಡಬ್ಬಿಯದ್ದು. ಅವರ ಅಪ್ಪಣೆಯಿಲ್ಲದೆ ಹೇಳಲಾರೆ.

ಉರಿ ದೊಡ್ಡದಿರಬೇಕು, ಒಮ್ಮೆಗೆ ಒಂದೇ ತಟ್ಟೆಯಷ್ಟು. ಸೀಗಡಿ ಬಣ್ಣ ತಿರುಗಿದೊಡನೆ ಹೊರಗೆ. ಬೊಂಡಾಸ ಎರಡು ನಿಮಿಷ, ಅದಕ್ಕಿಂತ ಹೆಚ್ಚಾದರೆ ರಬ್ಬರು, ಆಮೇಲೆ ಮೃದುವಾಗಲು ಮುಕ್ಕಾಲು ಗಂಟೆ ಬೇಕು. ಬಾಣಲೆಯಲ್ಲಿ ರಸ ಅರ್ಧಕ್ಕೆ ಇಳಿದು ಗುಳ್ಳೆ ದಪ್ಪಗಾದಾಗ ತಂಗಳು ಶ್ಯಾವಿಗೆ ಹಾಕಿ ಒಂದು ನಿಮಿಷ ಸುಮ್ಮನೆ ಬಿಡಬೇಕು, ಕೈ ಆಡಿಸಬಾರದು. ಎಳೆಗಳು ರಸವನ್ನೆಲ್ಲ ಕುಡಿದು ಇಟ್ಟಿಗೆ ಬಣ್ಣಕ್ಕೆ ತಿರುಗುವುದು ಕಣ್ಣೆದುರೇ ಕಾಣುತ್ತದೆ. ಆಮೇಲೆ ಮೀನು ಸೇರಿಸಿ, ಬಾಣಲೆಯನ್ನೇ ಎರಡು ಸಲ ಎತ್ತಿ ಕುಲುಕಿದರೆ ಆಯಿತು. ಅತ್ತೆ ಮೊದಲ ದಿನ ಒಂದು ತುತ್ತು ತಿಂದು ಏನೂ ಹೇಳಲಿಲ್ಲ. ಮರುವಾರ ಶುಕ್ರವಾರ ನಾನು ಆಫೀಸಿನಿಂದ ಬರುವಷ್ಟರಲ್ಲಿ ಅಕ್ಕಿ ನೆನೆಸಿಟ್ಟಿದ್ದರು.

ಮಳೆಗಾಲದ ಮೀನುಗಾರಿಕೆ ನಿಷೇಧಕ್ಕೆ ಜೂನ್ ಒಂದಕ್ಕೆ ಯಂತ್ರದ ದೋಣಿಗಳು ದಡಕ್ಕೆ ಬರುತ್ತವೆ, ಇಲ್ಲಿಯ ಕೋಳಿ ಮೀನುಗಾರರು ನಾರಳೀ ಪೌರ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಡುವವರೆಗೂ ಒಳ್ಳೆ ಸೀಗಡಿ ದುಬಾರಿ. ಆಗ ಖಾಡಿಯಲ್ಲಿ (ಅಳಿವೆಯ ಹಿನ್ನೀರು) ಕೈಯಿಂದ ಹೆಕ್ಕಿದ ತಿಸ್ರ್ಯಾ, ಅಂದರೆ ನಮ್ಮ ಮರುವಾಯಿ ಚಿಪ್ಪು, ವಾಟಾ (ಗುಡ್ಡೆ) ಲೆಕ್ಕದಲ್ಲಿ ಸಿಗುತ್ತದೆ. ಉಪ್ಪುನೀರಲ್ಲಿ ಎರಡು ಗಂಟೆ ಇಟ್ಟು ಮರಳು ಉಗುಳಿಸಿ, ಮುಚ್ಚಳ ಮುಚ್ಚಿ ಬಾಯಿ ಬಿಡಿಸಿದರೆ ಅದರ ನೀರೇ ರಸ, ಸೀಗಡಿ ತಲೆಯ ಕೆಲಸವೇ ಬೇಡ. ಉಪ್ಪು ಮಾತ್ರ ಕೊನೆಗೆ ನೋಡಿ ಹಾಕಬೇಕು. ಸೀಗಡಿ ಸುಕ್ಕ ತುಂಬಿದ ಖಾರದ ಪುಟ್ಟ ಟಾರ್ಟ್ ಕೂಡ ಈ ನಡುವೆ ಹುಟ್ಟಿತು, ಸಕ್ಕರೆ ಬಿಟ್ಟು ಹಿಟ್ಟಿಗೆ ಕಾಳುಮೆಣಸು ಹಾಕಿ. ಬಳಗದ ಕಾರ್ಯಕ್ರಮಕ್ಕೆ 60 ಒಯ್ದಿದ್ದೆ, ಭಾಷಣ ಮುಗಿಯುವ ಮೊದಲೇ ತಟ್ಟೆ ಖಾಲಿ. ಬೇಡವೆಂದಿದ್ದವರೇ ಮೊದಲು ಕೈ ಹಾಕಿದ್ದು.

ಲೆಕ್ಕ ಹೇಳುವುದಾದರೆ, ಕಲಿಯುವುದರಲ್ಲಿ ಹೋದದ್ದು ಸಾಮಾನು ಸೇರಿ ಇಪ್ಪತ್ತೈದು ಸಾವಿರದ ಹತ್ತಿರ. ಆಹಾರ ಸುರಕ್ಷತೆಯ ನೋಂದಣಿಗೆ ವರ್ಷಕ್ಕೆ 100 ರೂಪಾಯಿ ಕಟ್ಟಿದ್ದೇನೆ. ನಿಂಬೆ ಟಾರ್ಟ್ ಒಂದಕ್ಕೆ ನನಗೆ 35ರಷ್ಟು ಬೀಳುತ್ತದೆ, 90ಕ್ಕೆ ಕೊಡುತ್ತೇನೆ. ಶನಿವಾರಕ್ಕೆ ನಲವತ್ತಕ್ಕಿಂತ ಹೆಚ್ಚು ಒಪ್ಪುವುದಿಲ್ಲ, ಫ್ರಿಜ್‌ನಲ್ಲಿ ಅಷ್ಟೇ ಅಚ್ಚು ಹಿಡಿಸುವುದು. ಹಾಕಿದ ದುಡ್ಡು ಹೋದ ದೀಪಾವಳಿಗೆ ವಾಪಸು ಬಂತು. ಶ್ಯಾವಿಗೆಯನ್ನು ಮಾರುವುದಿಲ್ಲ, ಬಾಣಲೆಯಿಂದ ಇಳಿದ ಹತ್ತು ನಿಮಿಷದಲ್ಲಿ ತಿನ್ನಬೇಕಾದ್ದು ಅದು.

ಮಳೆಗಾಲದಲ್ಲಿ ಮುಲುಂಡಿಗಿಂತ ಆಚೆಯವರಿಗೆ ಶೆಲ್ ಬೇರೆ, ಹೂರಣ ಬೇರೆ ಕಳಿಸುತ್ತೇನೆ. ಶೆಲ್‌ಗಳು ಸ್ಟೀಲ್ ಡಬ್ಬಿಯಲ್ಲಿ, ತಳದಲ್ಲಿ ಹುರಿದು ಆರಿಸಿದ ಅಕ್ಕಿಯ ಸಣ್ಣ ಗಂಟು, ಪಸೆ ಎಳೆದುಕೊಳ್ಳಲು. ಡಬ್ಬಿ ವಾಪಸು ಕೊಡಬೇಕು, ಅದಕ್ಕೆ 150 ಮುಂಗಡ.