ಸೈಕಲ್ ತಾನೇ, ಐನೂರು ಸಾಕಲ್ಲವೇ?

ನವೆಂಬರ್ ತಿಂಗಳ ಒಂದು ಮುಂಜಾನೆ, ಆರೂವರೆಯ ಆಸುಪಾಸು. ಸಂಗನಕಲ್ಲಿನ ಗುಡ್ಡದವರೆಗೆ ಹೋಗಿ ಕಪ್ಪಗಲ್ಲು ರಸ್ತೆಯಲ್ಲಿ ಬಳ್ಳಾರಿಗೆ ಮರಳುತ್ತಿದ್ದೆ. ಊರಿನ ಮನೆಗಳು ಶುರುವಾಗುವ ಕಡೆ ಬಿಳಿ ಕಾರೊಂದು ನನ್ನನ್ನು ದಾಟಿ ಮುಂದೆ ಹೋಯಿತು. ಹತ್ತು ಮಾರು ಹೋಗಿರಲಿಲ್ಲ, ಇಂಡಿಕೇಟರ್ ಹಾಕದೆ ಎಡಗಡೆಯ ಓಣಿಗೆ ತಿರುಗಿತು. ನನ್ನ ಮುಂದಿನ ಚಕ್ರ ಅದರ ಹಿಂಬಾಗಿಲಿಗೆ ಬಡಿಯಿತು. ಬಲಗೈ ಊರಿ ಬಿದ್ದೆ. ಹೆಲ್ಮೆಟ್ ಡಾಂಬರಿಗೆ ತಾಗಿದ ಸದ್ದು ಈಗಲೂ ಒಮ್ಮೊಮ್ಮೆ ಕೇಳಿಸುತ್ತದೆ.

ಇಳಿದು ಬಂದವನು ಇಪ್ಪತ್ತರ ಹರೆಯದ ಹುಡುಗ. ಪಾಪ, ಅವನ ಕೈಯೂ ನಡುಗುತ್ತಿತ್ತು. "ಅಂಕಲ್, ಏನಾದರೂ ಆಯಿತೇ?" ಎಂದ. "ಏನಿಲ್ಲಪ್ಪಾ, ಏನಿಲ್ಲ" ಎಂದುಬಿಟ್ಟೆ. ನಾನು ಮಾಡಿದ ಮೊದಲ ತಪ್ಪು ಅದೇ. ಬಿದ್ದ ಕೂಡಲೇ ನೋವು ಗೊತ್ತಾಗುವುದಿಲ್ಲ, ನಾಚಿಕೆ ಮಾತ್ರ ಗೊತ್ತಾಗುತ್ತದೆ. ಹುಡುಗನಿಗೆ ಧೈರ್ಯ ಬಂದು ಜೇಬಿನಿಂದ ಐನೂರರ ನೋಟು ತೆಗೆದ. "ಸೈಕಲ್ ತಾನೇ ಅಂಕಲ್, ಇಷ್ಟು ಸಾಕಲ್ಲವೇ?"

ಕೌಲ್ ಬಜಾರಿನ ಒಂದು ಜೀನ್ಸ್ ಹೊಲಿಗೆ ಘಟಕದಲ್ಲಿ ಲೆಕ್ಕ ಬರೆಯುವವನು ನಾನು. ಸಕ್ಕರೆ ಕಾಯಿಲೆ ಎಂದು ಗೊತ್ತಾದ ವರ್ಷ, ಮಾತ್ರೆಯ ಜೊತೆಗೆ ಮೈ ದಂಡಿಸಿ ಎಂದು ವೈದ್ಯರು ಹೇಳಿದ್ದಕ್ಕೆ 28,500 ರೂಪಾಯಿ ಕೊಟ್ಟು ಗೇರ್ ಸೈಕಲ್ ತಂದಿದ್ದೆ. ಆ ನೋಟನ್ನು ನಾನು ಮುಟ್ಟಲಿಲ್ಲ. ಮುಟ್ಟಿದ್ದರೆ ಲೆಕ್ಕ ಅಲ್ಲಿಗೇ ಚುಕ್ತಾ ಆಗುತ್ತಿತ್ತು.

ಸೈಕಲ್ಲಿಗೆ ನಂಬರ್ ಪ್ಲೇಟ್ ಇಲ್ಲ, ಆರ್‌ಸಿ ಇಲ್ಲ, ವಿಮೆ ಇಲ್ಲ. ಅದು ನನ್ನದು ಎಂದು ತೋರಿಸುವುದಕ್ಕೂ ಒಂದು ಕಾಗದ ಬೇಕು. ಇದು ಹೊಳೆದದ್ದು ರಸ್ತೆಯಂಚಿನಲ್ಲಿ ಕುಳಿತು ನೀರು ಕುಡಿಯುವಾಗ. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಸೈಕಲ್ಲನ್ನು ಎತ್ತಿ ಗೋಡೆಗೆ ಒರಗಿಸಿದ್ದರು. ಹಾಗಾಗಿ ಅದು ಬಿದ್ದ ಜಾಗದ ಚಿತ್ರ ನನ್ನ ಬಳಿ ಇಲ್ಲ. ಉಳಿದದ್ದನ್ನೆಲ್ಲ ಮೊಬೈಲಿನಲ್ಲಿ ತೆಗೆದೆ: ಕಾರಿನ ನಂಬರ್, ಬಾಗಿಲಿನ ಮೇಲೆ ನನ್ನ ಟೈರು ಎಳೆದ ಕಪ್ಪು ಗೆರೆ, ಓಣಿಯ ಬಾಯಿ, ಬಾಗಿದ ಫೋರ್ಕು, ಹೆಲ್ಮೆಟ್ಟಿನ ಬಿರುಕು, ಹುಡುಗನ ಲೈಸೆನ್ಸ್. ಆ ಕಪ್ಪು ಗೆರೆಯೇ ಮುಂದೆ ನನ್ನ ದೊಡ್ಡ ಸಾಕ್ಷಿಯಾಯಿತು. ಹಿಂಬಾಗಿಲ ಮೇಲೆ ಗೆರೆ ಬಿದ್ದಿದೆ ಎಂದರೆ ಕಾರು ನನ್ನನ್ನು ದಾಟಿದ ಮೇಲೆಯೇ ಅಡ್ಡ ಬಂದಿದೆ. ನಾನು ಹಿಂದಿನಿಂದ ನುಗ್ಗಿ ಗುದ್ದಿದ್ದರೆ ಕಾರಿನ ಬೆನ್ನಿಗೆ, ಡಿಕ್ಕಿಯ ಬಾಗಿಲ ಮೇಲೆ, ಗುರುತು ಇರಬೇಕಿತ್ತು.

ಎದುರಿಗೆ ಮಂಡಕ್ಕಿ ಮಿರ್ಚಿ ಅಂಗಡಿ. ಬಾಗಿಲು ಇನ್ನೂ ಅರ್ಧ ತೆರೆದಿತ್ತು, ಮೇಲೆ ಒಂದು ಕ್ಯಾಮೆರಾ. ಅಂಥ ಕ್ಯಾಮೆರಾಗಳಲ್ಲಿ ಹಳೆಯ ದೃಶ್ಯದ ಮೇಲೆ ಹೊಸದು ತಾನಾಗಿ ಕೂರುತ್ತಾ ಹೋಗುತ್ತದೆ, ಕೆಲವೇ ದಿನಗಳಲ್ಲಿ ಬೇಕಾದದ್ದು ಅಳಿಸಿಹೋಗುತ್ತದೆ. ಆ ಸಂಜೆಯೇ ಹೋಗಿ ಒಂದು ಪ್ಲೇಟ್ ಒಗ್ಗರಣೆ ಮಂಡಕ್ಕಿ ತಿಂದು, ಅಣ್ಣಾ ಎಂದು ಕೇಳಿಕೊಂಡೆ. ಅಂಗಡಿಯವರು ಪೆನ್‌ಡ್ರೈವಿಗೆ ಹಾಕಿಕೊಟ್ಟರು. ಹನ್ನೊಂದು ಸೆಕೆಂಡಿನ ದೃಶ್ಯ, ಮಬ್ಬು ಬೆಳಕು, ಆದರೂ ನನ್ನ ಮುಂದೀಪ ಮಿನುಗುವುದು ಕಾಣುತ್ತದೆ, ಕಾರಿನ ಇಂಡಿಕೇಟರ್ ಮಿನುಗದಿರುವುದೂ ಕಾಣುತ್ತದೆ.

ಆಸ್ಪತ್ರೆಯ ಕಥೆ ಚಿಕ್ಕದು. ಧನುರ್ವಾಯು ಚುಚ್ಚುಮದ್ದು, ಮಣಿಕಟ್ಟಿನ ಎಕ್ಸ್‌ರೇ, ಮೂಳೆ ಮುರಿದಿಲ್ಲ, 1,350 ರೂಪಾಯಿ. ನೋವು ನಿಜವಾಗಿ ಶುರುವಾದದ್ದು ಮೂರನೆಯ ದಿನ.

ಠಾಣೆಯಲ್ಲಿ ಮೊದಲು ಕೇಳಿದ್ದು, "ಬೆಲ್ ಹೊಡೆದಿರಾ?" ಎಂದು. ಎರಡನೆಯದು, "ದೂರು ಕೊಟ್ಟರೆ ನಿಮ್ಮ ಸೈಕಲ್ಲೂ ಇಲ್ಲಿಯೇ ನಿಲ್ಲಬೇಕಾಗುತ್ತದೆ, ಯೋಚನೆ ಮಾಡಿ." ಠಾಣೆಯ ಅಂಗಳದಲ್ಲಿ ಬಳ್ಳಿ ಹಬ್ಬಿದ ವಾಹನಗಳನ್ನು ನೋಡಿದವರಿಗೆ ಆ ಮಾತು ಚೆನ್ನಾಗಿ ನಾಟುತ್ತದೆ. ಆದರೂ ಎರಡು ಪ್ರತಿ ಬರೆದುಕೊಂಡು ಹೋಗಿದ್ದೆ. ದಿನ, ವೇಳೆ, ಜಾಗ, ಕಾರಿನ ನಂಬರ್, ಏನಾಯಿತು, ಏನು ಮುರಿಯಿತು, ಒಂದೇ ಪುಟ. ಬೈಗುಳ ಇಲ್ಲ, ಗೋಳು ಇಲ್ಲ. ಒಂದು ಪ್ರತಿ ಕೊಟ್ಟು, ಇನ್ನೊಂದರ ಮೇಲೆ ಮೊಹರು ಒತ್ತಿಸಿಕೊಂಡೆ. ಎರಡು ದಿನ ಬಿಟ್ಟು ಹಿಂಬರಹವೂ, ಅಂದರೆ ದೂರಿಗೆ ಠಾಣೆ ಕೊಡುವ ಲಿಖಿತ ಉತ್ತರವೂ ಸಿಕ್ಕಿತು. ಎಫ್‌ಐಆರ್ ಆಗಲಿಲ್ಲ, ನಾನೂ ಪಟ್ಟು ಹಿಡಿಯಲಿಲ್ಲ. ಮೂಳೆ ಮುರಿದಿದ್ದರೆ ಖಂಡಿತ ಹಿಡಿಯುತ್ತಿದ್ದೆ. ಅಜಾಗರೂಕ ಚಾಲನೆ ಈಗ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂಗೆ ಬರುತ್ತದೆ, ಮೊದಲು ಅದು ಐಪಿಸಿ 279 ಆಗಿತ್ತು. ಗಾಯ ದೊಡ್ಡದಿದ್ದಾಗ ಮಾತುಕತೆಗೆ ಕೂರುವುದು ದಡ್ಡತನ. ಮುಂದೆ ಪ್ರತಿಯೊಬ್ಬರೂ ಮೊದಲು ಕೇಳುವುದು ಎಫ್‌ಐಆರ್ ಸಂಖ್ಯೆಯನ್ನೇ.

ಇನ್ನು ಸೈಕಲ್ಲಿನ ಬೆಲೆ ಕಟ್ಟುವ ಕೆಲಸ. ನನಗೆ ಹೆಚ್ಚು ಪಾಠವಾದದ್ದು ಇಲ್ಲಿ.

ಮೊದಲು ನಮ್ಮ ಓಣಿಯ ಸೈಕಲ್ ಮಿಸ್ತ್ರಿಯ ಬಳಿ ಒಯ್ದೆ. ಎಪ್ಪತ್ತು ದಾಟಿದ ಅಜ್ಜ. ಕಬ್ಬಿಣದ ಹಳೆಯ ಸೈಕಲ್ಲುಗಳ ಫೋರ್ಕನ್ನು ಮೊಣಕಾಲಿಗೆ ಒತ್ತಿ ಹಿಡಿದು ನೆಟ್ಟಗೆ ಮಾಡಿದ ಕೈ ಅವರದು. ನನ್ನದನ್ನು ನೋಡಿ ತಲೆ ಅಲ್ಲಾಡಿಸಿದರು. "ಇದು ಅಲ್ಯೂಮಿನಿಯಂ. ಕಬ್ಬಿಣವಾದರೆ ಬಗ್ಗುತ್ತದೆ, ಮತ್ತೆ ನೆಟ್ಟಗಾಗುತ್ತದೆ. ಇದನ್ನು ಬಗ್ಗಿಸಿದರೆ ಒಂದು ದಿನ ಹೇಳದೆ ಕೇಳದೆ ಮುರಿಯುತ್ತದೆ. ನಾನು ಮುಟ್ಟುವುದಿಲ್ಲ." ಆಮೇಲೆ ಒದ್ದೆ ಬಟ್ಟೆಯಿಂದ ಚೌಕಟ್ಟಿನ ಕೆಳಗೊಳವೆಯನ್ನು ಒರೆಸಿ, ಹ್ಯಾಂಡಲ್ ಕೂಡುವ ಮೂಲೆಯ ಕೆಳಭಾಗದಲ್ಲಿ ಉಗುರಾಡಿಸಿದರು. ಮುಂದಿನಿಂದ ಪೆಟ್ಟು ಬಿದ್ದರೆ ಅಲ್ಲಿಯೇ ಬಣ್ಣ ಸುಕ್ಕುಗಟ್ಟುತ್ತದೆ, ಬಿರುಕೂ ಅಲ್ಲಿಂದಲೇ ಹುಟ್ಟುತ್ತದೆ ಎಂದು ತೋರಿಸಿಕೊಟ್ಟರು. ಸುಕ್ಕು ಇರಲಿಲ್ಲ. ಚೌಕಟ್ಟು ಉಳಿದಿದೆ ಎಂದು ತಿಳಿದದ್ದು ಆ ಅಜ್ಜನ ಉಗುರಿನಿಂದ. ಅವರು ನನ್ನಿಂದ ಒಂದು ರೂಪಾಯಿಯನ್ನೂ ಪಡೆಯಲಿಲ್ಲ. ರಸೀದಿ ಪುಸ್ತಕ ಅವರ ಬಳಿ ಇರಲಿಲ್ಲ.

ಆದ್ದರಿಂದ ಸೈಕಲ್ ಕೊಂಡಿದ್ದ ಅಂಗಡಿಗೆ ಹೋದೆ. ಜಿಎಸ್‌ಟಿ ಸಂಖ್ಯೆ ಇರುವ ಕಾಗದದ ಮೇಲೆ, ಮೊಹರಿನೊಂದಿಗೆ, ಒಂದೊಂದು ಬಿಡಿಭಾಗಕ್ಕೂ ಬೇರೆ ಸಾಲಿನಲ್ಲಿ ಎಸ್ಟಿಮೇಟ್ ಬರೆಸಿದೆ. ಫೋರ್ಕು 3,800. ಮುಂದಿನ ಚಕ್ರ ಕಡ್ಡಿ ಸಮೇತ 2,900. ಟೈರು ಟ್ಯೂಬು 1,150. ಬ್ರೇಕಿನ ಹಿಡಿ ಮತ್ತು ಡಿಸ್ಕು 950. ಹ್ಯಾಂಡಲ್ 1,100. ಹಿಂದಿನ ಗೇರು ನೇತಾಡುವ ಹ್ಯಾಂಗರ್ 450. ಹೆಲ್ಮೆಟ್ 1,900. ಕೂಲಿ 1,200. ಒಟ್ಟು 13,450. ಕೊಂಡಾಗಿನ ಬಿಲ್ ಮನೆಯಲ್ಲಿತ್ತು. ಪೆಡಲ್ಲುಗಳ ನಡುವಿನ ಅಚ್ಚಿನ ಅಡಿಯಲ್ಲಿ ಕೊರೆದ ಚೌಕಟ್ಟಿನ ಸಂಖ್ಯೆ ಬಿಲ್ಲಿನಲ್ಲೂ ನಮೂದಾಗಿತ್ತು. ನಿಮ್ಮ ಬಿಲ್ಲಿನಲ್ಲಿ ಆ ಸಂಖ್ಯೆ ಇಲ್ಲದಿದ್ದರೆ ಈಗಲೇ ಅಂಗಡಿಗೆ ಹೋಗಿ ಬರೆಸಿಕೊಳ್ಳಿ, ಅಪಘಾತಕ್ಕೆ ಕಾಯಬೇಡಿ.

ರಿಪೇರಿಯನ್ನು ಆಗಲೇ ಮಾಡಿಸಲಿಲ್ಲ. ಮೂರು ವಾರ ನಡೆದುಕೊಂಡೇ ಕೆಲಸಕ್ಕೆ ಹೋದೆ. ಮುರಿದ ವಸ್ತು ಮುರಿದಂತೆಯೇ ಇದ್ದರೆ ಮಾತಿಗೆ ತೂಕ ಇರುತ್ತದೆ.

ಕಾರಿನ ನಂಬರನ್ನು ವಾಹನಗಳ ವಿವರ ತೋರಿಸುವ ಸರ್ಕಾರಿ ಆ್ಯಪ್ ಎಂ-ಪರಿವಾಹನ್‌ಗೆ ಹಾಕಿದರೆ ಕೆಎ 34, ಅಂದರೆ ನಮ್ಮ ಬಳ್ಳಾರಿಯದೇ, ವಿಮೆ ಚಾಲ್ತಿಯಲ್ಲಿತ್ತು. ಕಾರು ಹುಡುಗನ ತಂದೆಯದು. ಒಣಮೆಣಸಿನಕಾಯಿ ವ್ಯಾಪಾರಿ, ನನಗಿಂತ ಹತ್ತು ವರ್ಷ ಹಿರಿಯರು, ಮಾತಿನಲ್ಲಿ ಮರ್ಯಾದೆ ಇತ್ತು, ಗಂಟಿನಲ್ಲಿ ಬಿಗಿ ಇತ್ತು. "ಸಾರ್, ಸೈಕಲ್ಲಿಗೆ ಹದಿಮೂರು ಸಾವಿರವೇ? ನಮ್ಮ ಅಪ್ಪನ ಕಾಲಕ್ಕೆ ಅಷ್ಟಕ್ಕೆ ಜೋಡಿ ಎತ್ತು ಬರುತ್ತಿದ್ದವು" ಎಂದರು. "ಬರುತ್ತಿದ್ದವು ಯಜಮಾನರೇ, ಆಗ ಮೆಣಸಿನಕಾಯಿ ಕ್ವಿಂಟಲಿಗೆ ಎಷ್ಟಿತ್ತು?" ಎಂದೆ. ನಕ್ಕರು. ದುಡ್ಡಿನ ಮಾತು ಮಾತ್ರ ಎತ್ತಲಿಲ್ಲ.

ವಿಮೆಯಿಂದ ಕೊಡಿಸಿ ಎಂದರೆ ಅವರಿಗೆ ಬೋನಸ್ ಹೋಗುವ ಭಯ. ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ಆ ರಿಯಾಯಿತಿ ಶೇ. 50ರವರೆಗೂ ಏರುತ್ತದೆ, ಭಯ ಸಹಜ. ಆದರೆ ಅದು ಸ್ವಂತ ಕಾರಿನ ಹಾನಿಯ ಭಾಗಕ್ಕೆ ಸೇರಿದ್ದು, ಮೂರನೆಯವರಿಗೆ, ಅಂದರೆ ಕಾರಿನಿಂದ ಹಾನಿಯಾದ ನನ್ನಂಥ ಹೊರಗಿನವರಿಗೆ, ಕೊಡುವ ಪರಿಹಾರದಿಂದ ಅದಕ್ಕೆ ಪೆಟ್ಟಿಲ್ಲ. ಪಾಲಿಸಿಯ ಪ್ರತಿ ತರಿಸಿ ನೋಡಿದೆವು. ಮೂರನೆಯವರ ಆಸ್ತಿಹಾನಿಗೆ 7.5 ಲಕ್ಷದವರೆಗೆ ರಕ್ಷಣೆ ಇತ್ತು. ಕೆಲವರು ಸ್ವಲ್ಪ ಪ್ರೀಮಿಯಂ ಉಳಿಸಲು ಇದನ್ನು 6,000ಕ್ಕೆ ಇಳಿಸಿಕೊಂಡಿರುತ್ತಾರೆ, ಆ ಸಾಲನ್ನು ಓದಲೇಬೇಕು.

ಇಬ್ಬರೂ ಕೂಡಿ ವಿಮಾ ಕಚೇರಿಗೆ ಹೋದೆವು. ಅರ್ಜಿ ನೋಡಿ ನೇರವಾಗಿ ದುಡ್ಡು ಕೊಡುವ ಪದ್ಧತಿ ತಮ್ಮಲ್ಲಿಲ್ಲ, ನ್ಯಾಯಮಂಡಳಿಯ ಆದೇಶ ತನ್ನಿ ಎಂದರು. ಅಷ್ಟೇ ಅಲ್ಲ, ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ಮಾಲೀಕರು ತಪ್ಪೊಪ್ಪಿಕೊಂಡು ದುಡ್ಡು ಕೊಟ್ಟರೆ ಅದು ಕಂಪನಿಯಿಂದ ವಾಪಸ್ ಬರುವುದಿಲ್ಲವಂತೆ, ಪಾಲಿಸಿಯ ಷರತ್ತಿನಲ್ಲೇ ಇದೆ. ಮೆಟ್ಟಿಲು ಇಳಿಯುವಾಗ ಯಜಮಾನರ ಮುಖ ನೋಡಿ ನನಗೂ ಅಯ್ಯೋ ಅನಿಸಿತು. ವರ್ಷ ವರ್ಷ ಕಟ್ಟಿದ ವಿಮೆ ಎದುರಿಗಿದ್ದೂ ಕೈಗೆ ಸಿಗುತ್ತಿರಲಿಲ್ಲ.

ನ್ಯಾಯಮಂಡಳಿ ಎಂದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ಸಾವು, ಗಾಯಕ್ಕೆ ಮಾತ್ರವಲ್ಲ, ಮೂರನೆಯವರ ಆಸ್ತಿಹಾನಿಗೂ ಅಲ್ಲಿ ಅರ್ಜಿ ಹಾಕಬಹುದು. ಮೋಟಾರು ವಾಹನ ಕಾಯ್ದೆ 1988ರ 166ನೇ ಕಲಂ. ತಿದ್ದುಪಡಿಯಾದ ಮೇಲೆ, 2022ರ ಏಪ್ರಿಲ್ 1ರಿಂದ, ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಪಕ್ಕದ ಮನೆಯ ವಕೀಲರು ಇಷ್ಟನ್ನೂ ಹೇಳಿ, "ಹದಿಮೂರು ಸಾವಿರಕ್ಕೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ" ಎಂದರು. ಪಕ್ಕದ ಮನೆಯವರ ಕೇಸನ್ನು ತಾವೇ ಬಿಟ್ಟುಕೊಟ್ಟ ವಕೀಲರನ್ನು ನಾನು ಮೊದಲ ಬಾರಿ ಕಂಡದ್ದು.

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಸು ದಾಖಲಾಗುವುದಕ್ಕೆ ಮೊದಲೇ ವಿವಾದವನ್ನು ರಾಜಿ ಮಾಡಿಸುವ ಲೋಕ ಅದಾಲತ್ತಿನ ಮುಂದೆ ಇಡಬಹುದು. ನ್ಯಾಯಾಲಯದ ಶುಲ್ಕವಿಲ್ಲ, ವಕೀಲರು ಬೇಕೆಂದೇನೂ ಇಲ್ಲ. ಬಿಳಿ ಹಾಳೆಯಲ್ಲಿ ಅರ್ಜಿ ಬರೆದು, ದೂರಿನ ಪ್ರತಿ, ಹಿಂಬರಹ, ಬಿಲ್, ಎಸ್ಟಿಮೇಟ್, ಫೋಟೋಗಳು, ಆಸ್ಪತ್ರೆಯ ಚೀಟಿ, ಪೆನ್‌ಡ್ರೈವ್ ಇಟ್ಟೆ. ಹೊಸದಾಗಿ ಬರೆಯಬೇಕಾದದ್ದು ಅರ್ಜಿಯೊಂದೇ, ಉಳಿದದ್ದೆಲ್ಲ ಫೈಲಿನಲ್ಲಿ ಸಿದ್ಧವಿತ್ತು. ಸಹಾಯವಾಣಿಯ ಸಂಖ್ಯೆ 15100, ಆದರೆ ನೇರ ಹೋಗುವುದೇ ಸಲೀಸು.

ಅಲ್ಲಿಂದ ನೋಟಿಸ್ ಹೋದ ಮೂರನೆಯ ದಿನ ಯಜಮಾನರೇ ಫೋನ್ ಮಾಡಿದರು. "ಲೆಕ್ಕದ ಸಾರ್, ಕೋರ್ಟಿನ ಕಾಗದ ಮನೆಗೆ ಬಂದರೆ ಹೆಂಗಸರು ಹೆದರುತ್ತಾರೆ, ಬನ್ನಿ ಕೂತು ಮಾತಾಡೋಣ." ಅದು ಕೋರ್ಟಿನ ಸಮನ್ಸ್ ಅಲ್ಲ, ರಾಜಿಗೆ ಕರೆದ ಕಾಗದ ಎಂದು ನಾನೇ ವಿವರಿಸಬೇಕಾಯಿತು. ಅವರ ಮಳಿಗೆಯಲ್ಲಿ ಮೆಣಸಿನಕಾಯಿಯ ಘಾಟಿಗೆ ನಾನು ಸೀನುತ್ತಾ, ಅವರು ಚಹಾ ತರಿಸುತ್ತಾ, ಎಸ್ಟಿಮೇಟಿನ ಒಂದೊಂದು ಸಾಲಿಗೂ ಚೌಕಾಶಿ ನಡೆಯಿತು. ಟೈರು ಸವೆದಿತ್ತು ಎಂದರು, ನಿಜ, ಅರ್ಧ ಬಿಟ್ಟೆ. ಹ್ಯಾಂಡಲ್ ಗೀಚಿದೆಯಷ್ಟೆ ಎಂದರು, ಅದನ್ನೂ ಪೂರ್ತಿ ಬಿಟ್ಟೆ. ಹೆಲ್ಮೆಟ್ ಹೊರಗಿನಿಂದ ಚೆನ್ನಾಗಿಯೇ ಇದೆಯಲ್ಲ ಎಂದರು, ಅದನ್ನು ಬಿಡಲಿಲ್ಲ. ಒಳಗಿನ ತೆರ್ಮೊಕೋಲಿನಂಥ ಪದರ ಒಂದೇ ಪೆಟ್ಟನ್ನು ನುಂಗಲು ಇರುವುದು, ಒಮ್ಮೆ ಬಿರಿದರೆ ಅದರ ಆಯುಸ್ಸು ಮುಗಿಯಿತು. ಬಿರುಕನ್ನು ಅವರ ಬೆರಳಿನಿಂದಲೇ ಮುಟ್ಟಿಸಿದೆ. ಮಗ ಮೂಲೆಯಲ್ಲಿ ನಿಂತಿದ್ದ. ಅವನೇ "ಕೊಟ್ಟುಬಿಡಿ ಅಪ್ಪಾ" ಎಂದ.

ಸೈಕಲ್ಲಿನ ಬಾಬ್ತು 11,500, ಆಸ್ಪತ್ರೆಯದು ಬೇರೆಯಾಗಿ 1,350. ಅರ್ಧ ಈಗ, ಅರ್ಧ ಹೊಸ ಮಾಲು ಬಂದ ಮೇಲೆ. ಎರಡು ಕಂತು ಎಂದ ಕೂಡಲೇ ಬಾಯಿಮಾತಿಗೆ ಬಿಡಬಾರದು ಎನಿಸಿತು. ಡಿಸೆಂಬರಿನ ಅದಾಲತ್ತಿನಲ್ಲೇ ದಾಖಲಿಸೋಣ ಎಂದೆ. ಅಲ್ಲಿ ಆದ ರಾಜಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯ, ಅಂದರೆ ತೀರ್ಪಿನ ಆದೇಶದ, ಬೆಲೆ ಇದೆ, ಅದರ ಮೇಲೆ ಅಪೀಲಿಲ್ಲ. ರಾಜಿಪತ್ರದ ಕರಡಿನಲ್ಲಿ "ಎಲ್ಲ ಬಗೆಯ ಹಕ್ಕುಗಳೂ ಇತ್ಯರ್ಥವಾಗಿವೆ" ಎಂಬ ಸಾಲಿತ್ತು. ಅದನ್ನು ಹೊಡೆಸಿ "ಸೈಕಲ್, ಹೆಲ್ಮೆಟ್ ಹಾನಿ ಮತ್ತು ಈವರೆಗಿನ ಚಿಕಿತ್ಸೆಯ ವೆಚ್ಚ" ಎಂದು ಬರೆಸಿದೆ. ಮಣಿಕಟ್ಟು ಆಗಲೂ ಟವೆಲ್ ಹಿಂಡಲು ಬಿಡುತ್ತಿರಲಿಲ್ಲ. ಸಹಿ ಮುಗಿಯಲು ಹತ್ತು ನಿಮಿಷ, ನಮ್ಮ ಸರದಿಗೆ ಕಾಯಲು ಮೂರು ಗಂಟೆ.

ಎರಡನೆಯ ಕಂತು ಫೆಬ್ರವರಿಯಲ್ಲಿ ಫೋನಿಗೆ ಬಂತು, ಹೇಳಿದ ದಿನಕ್ಕೆ ನಾಲ್ಕು ದಿನ ತಡವಾಗಿ. ಸೈಕಲ್ ಮತ್ತೆ ಸಂಗನಕಲ್ಲಿನ ಗುಡ್ಡ ನೋಡಿದೆ, ಮಣಿಕಟ್ಟೂ ಸುಮಾರಾಗಿದೆ. ಬಾಗಿದ ಹಳೆಯ ಫೋರ್ಕು ಮಾತ್ರ ಗೋಣಿಚೀಲದಲ್ಲಿ ಕಟ್ಟಿ ಅಟ್ಟದ ಮೇಲಿದೆ. ಗುಜರಿಯವನು ಬಂದಾಗಲೆಲ್ಲ ಮನೆಯಾಕೆ ಕೇಳುತ್ತಾಳೆ, ಕೊಡಲೇ ಎಂದು. ಆರು ತಿಂಗಳು ತುಂಬಲಿ ಎಂದಿದ್ದೇನೆ.