ಮೊದಲು ಚಿತ್ರ ಆರಿಸಿ, ಆಮೇಲೆ ಮಾತನಾಡಿ

‘ನಿಮ್ಮ ಕೆಲಸದ ಬಗ್ಗೆ ನಿಮಗೆ ಈಗ ಏನನ್ನಿಸುತ್ತಿದೆ?’ ಎಂದು ಎಂಟು ಜನರ ಗುಂಪಿನಲ್ಲಿ ನೇರವಾಗಿ ಕೇಳಿ ನೋಡಿ. ಮೊದಲು ಬಾಯಿ ತೆರೆದವರು ಏನು ಹೇಳುತ್ತಾರೋ ಉಳಿದವರೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತಾರೆ. ಮಾತುಗಾರರು ಸಮಯವನ್ನೆಲ್ಲ ನುಂಗಿಹಾಕುತ್ತಾರೆ, ಸಂಕೋಚದವರು ‘ಪರವಾಗಿಲ್ಲ, ನಡೆಯುತ್ತಿದೆ’ ಎಂದು ಕೈತೊಳೆದುಕೊಳ್ಳುತ್ತಾರೆ. ಅದೇ ಪ್ರಶ್ನೆ ಕೇಳಿ, ಮೇಜಿನ ಮೇಲೆ ಹರಡಿದ ಛಾಯಾಚಿತ್ರಗಳಲ್ಲಿ ಒಂದನ್ನು ಆರಿಸಿಕೊಳ್ಳಲು ಹೇಳಿದರೆ ಸಂಗತಿ ಬೇರೆಯಾಗುತ್ತದೆ. ಕೈಯಲ್ಲಿರುವ ಚಿತ್ರವನ್ನು ವರ್ಣಿಸುವುದಕ್ಕೆ ಯಾರಿಗೂ ಅಂಜಿಕೆಯಿಲ್ಲ. ವರ್ಣಿಸುತ್ತ ವರ್ಣಿಸುತ್ತ ಅವರು ತಮ್ಮ ಬಗ್ಗೆಯೇ ಹೇಳತೊಡಗುತ್ತಾರೆ.

ಇದು ಹೊಸ ಉಪಾಯವೇನಲ್ಲ. ಸಂದರ್ಶನದ ನಡುವೆ ಛಾಯಾಚಿತ್ರಗಳನ್ನು ತೋರಿಸಿದಾಗ ಜನ ಹೆಚ್ಚು ವಿವರವಾಗಿ, ದಣಿಯದೆ ಮಾತನಾಡುತ್ತಾರೆ ಎಂದು ಅಮೆರಿಕದ ಮಾನವಶಾಸ್ತ್ರಜ್ಞ ಜಾನ್ ಕೊಲಿಯರ್ 1957ರಲ್ಲೇ ಬರೆದಿದ್ದರು. ಫ್ರಾನ್ಸಿನ ಲಿಯೋನ್ ನಗರದಲ್ಲಿ 1965ರ ಸುಮಾರಿಗೆ, ಗುಂಪಿನಲ್ಲಿ ಮಾತನಾಡಲು ತಡವರಿಸುತ್ತಿದ್ದ ಹದಿಹರೆಯದವರಿಗಾಗಿ ಮನಶ್ಶಾಸ್ತ್ರಜ್ಞರ ತಂಡವೊಂದು ಛಾಯಾಚಿತ್ರಗಳ ಮೂಲಕ ಮಾತಿಗೆಳೆಯುವ ‘ಫೋಟೊಲಾಂಗಾಜ್’ ಎಂಬ ವಿಧಾನವನ್ನು ರೂಪಿಸಿತು. ಕೆಳಗೆ ಹೇಳುವ ಹಲವು ನಿಯಮಗಳ ಬೇರು ಅಲ್ಲಿದೆ. ಗುಂಪು ಕೋಚಿಂಗ್ (ಪಾಠ ಹೇಳುವುದಲ್ಲ, ಪ್ರಶ್ನೆಗಳ ಮೂಲಕ ಗುಂಪಿನವರು ತಮ್ಮ ಕೆಲಸ, ಬದುಕಿನ ದಾರಿಯನ್ನು ತಾವೇ ಕಂಡುಕೊಳ್ಳಲು ನೆರವಾಗುವುದು) ನಡೆಸುವವರು ಯಾರೇ ಆಗಲಿ, ಇದನ್ನು ಕಲಿಯಬಹುದು.

ಚಿತ್ರಗಳ ಕಟ್ಟು

ಎಂಟು ಜನರಿದ್ದರೆ ಮೂವತ್ತರಿಂದ ನಲವತ್ತು ಚಿತ್ರಗಳಿರಲಿ. ಅದಕ್ಕಿಂತ ಕಡಿಮೆಯಾದರೆ ಆಯ್ಕೆ ತೀರಾ ಕಿರಿದಾಗುತ್ತದೆ. ವಿಪರೀತ ಹೆಚ್ಚಾದರೆ ಕಣ್ಣು ದಣಿಯುತ್ತದೆ. ಅಂಚೆ ಕಾರ್ಡಿಗಿಂತ ಚಿಕ್ಕದಾಗದಂತೆ, ದೀಪದ ಬೆಳಕಿಗೆ ಹೊಳೆಯದ ಕಾಗದದ ಮೇಲೆ ಮುದ್ರಿಸಿ. ನೀವೇ ತೆಗೆದ ಚಿತ್ರಗಳು ಅಥವಾ ಮುಕ್ತ ಬಳಕೆಗೆ ಅನುಮತಿಯಿರುವ ಚಿತ್ರಗಳನ್ನು ಮಾತ್ರ ಬಳಸಿ.

ಯಾವ ಚಿತ್ರ ಒಳ್ಳೆಯದು? ಒಂದೇ ಅರ್ಥ ಹೇಳಿ ಸುಮ್ಮನಾಗದ ಚಿತ್ರ. ಅರ್ಧ ತೆರೆದ ಬಾಗಿಲನ್ನು ಒಬ್ಬರು ಸ್ವಾಗತವೆಂದು ಓದುತ್ತಾರೆ, ಇನ್ನೊಬ್ಬರು ಯಾರೋ ಈಗಷ್ಟೇ ಎದ್ದುಹೋದರು ಎಂದುಕೊಳ್ಳುತ್ತಾರೆ. ಬೆನ್ನು ತೋರಿಸಿ ನಡೆಯುತ್ತಿರುವ ವ್ಯಕ್ತಿ, ಕವಲೊಡೆದ ಹಾದಿ, ಮಂಜು, ಕೆಲಸದಲ್ಲಿ ತೊಡಗಿದ ಕೈಗಳು, ಜನರಿಲ್ಲದ ಬೆಂಚು ಇಂಥವು ಚೆನ್ನಾಗಿ ಕೆಲಸ ಮಾಡುತ್ತವೆ. ಜಾಹೀರಾತಿನ ನಗುಮುಖಗಳು, ಬೆಟ್ಟದ ತುದಿಯಲ್ಲಿ ಕೈ ಎತ್ತಿ ನಿಂತ ವಿಜಯಿಗಳು ಬೇಡ. ಅವು ಉತ್ತರವನ್ನು ಮೊದಲೇ ಹೇಳಿಬಿಡುತ್ತವೆ. ಅಕ್ಷರಗಳಿರುವ ಚಿತ್ರ, ಪ್ರಸಿದ್ಧರ ಮುಖ, ಪಕ್ಷ ಅಥವಾ ಪಂಗಡದ ಗುರುತು, ರಕ್ತಪಾತ, ದುರಂತ ಇವನ್ನೂ ಬಿಡಿ. ಹಾಗೆಂದು ಎಲ್ಲವೂ ಸುಂದರವಾಗಿದ್ದರೆ, ಸೋತು ಬಂದವರಿಗೆ ಎತ್ತಿಕೊಳ್ಳಲು ಏನೂ ಸಿಗುವುದಿಲ್ಲ. ಮುರಿದದ್ದು, ತುಕ್ಕು ಹಿಡಿದದ್ದು, ಮಬ್ಬಾದದ್ದು ಕೂಡ ಮೇಜಿನ ಮೇಲಿರಲಿ.

ಪ್ರಶ್ನೆ, ಮೌನ, ಆಯ್ಕೆ

ಚಿತ್ರಗಳನ್ನು ತೋರಿಸುವ ಮೊದಲೇ ಪ್ರಶ್ನೆ ಹೇಳಿ, ಹಲಗೆಯ ಮೇಲೂ ಬರೆಯಿರಿ. ‘ಕಳೆದ ಆರು ತಿಂಗಳಲ್ಲಿ ನಿಮ್ಮೊಳಗೆ ಬದಲಾದದ್ದನ್ನು ಯಾವ ಚಿತ್ರ ತೋರಿಸುತ್ತದೆ?’ ಎಂಬಂಥ ಒಂದೇ ಪ್ರಶ್ನೆ ಸಾಕು. ಪ್ರಶ್ನೆಯಿಲ್ಲದೆ ಬರೀ ಇಷ್ಟವಾದ ಚಿತ್ರ ಎತ್ತಿಕೊಳ್ಳಿ ಎಂದರೆ ಜನ ಚಂದದ ಚಿತ್ರ ಎತ್ತಿಕೊಳ್ಳುತ್ತಾರೆ, ಮಾತೂ ಚಂದಕ್ಕೇ ನಿಲ್ಲುತ್ತದೆ.

ಆಮೇಲೆ ಎಲ್ಲರೂ ಮೇಜಿನ ಸುತ್ತ ಮೌನವಾಗಿ ನಡೆಯಲಿ. ಮೊದಲು ಕಣ್ಣಿನಿಂದಷ್ಟೇ ಆರಿಸಬೇಕು, ಮುಟ್ಟುವಂತಿಲ್ಲ. ಎಲ್ಲರ ಆಯ್ಕೆ ಮುಗಿದ ಮೇಲೆ ಚಿತ್ರ ಕೈಗೆ ಬರಲಿ. ಮೊದಲು ಕಂಡವರು ಕಸಿದುಕೊಳ್ಳುವ ಪೈಪೋಟಿ ಇದರಿಂದ ತಪ್ಪುತ್ತದೆ. ಒಂದೇ ಚಿತ್ರವನ್ನು ಇಬ್ಬರು ಆರಿಸಿದ್ದರೆ ಬೇರೆಯದನ್ನು ಹುಡುಕಲು ಹೇಳಬೇಡಿ, ಸರದಿಯಂತೆ ಹಂಚಿಕೊಳ್ಳಲಿ. ಅದೇ ಚಿತ್ರದಿಂದ ಎರಡು ಬೇರೆ ಬದುಕುಗಳು ಹೊರಬರುವುದನ್ನು ಕೇಳುವಾಗ ಗುಂಪು ತಾನಾಗಿ ಹತ್ತಿರವಾಗುತ್ತದೆ. ಮಾತಿಗೆ ಮುನ್ನ ಐದು ನಿಮಿಷ ಒಬ್ಬೊಬ್ಬರೇ ಬರೆದುಕೊಳ್ಳಲಿ. ಆ ಬರಹವನ್ನು ಯಾರಿಗೂ ತೋರಿಸಬೇಕಿಲ್ಲ.

ಮಾತಿನ ಸರದಿ

ಪ್ರತಿಯೊಬ್ಬರಿಗೂ ಆರು ನಿಮಿಷ. ಮೊದಲು ಚಿತ್ರದಲ್ಲಿ ಕಾಣುವುದನ್ನಷ್ಟೇ ಹೇಳಲು ಕೇಳಿ: ಬೆಳಕು ಎಲ್ಲಿದೆ, ಯಾರಿದ್ದಾರೆ, ಏನು ಅರ್ಧ ಮರೆಯಾಗಿದೆ. ಈ ಹೆಜ್ಜೆಯನ್ನು ಹಾರಿಸುವ ಕೋಚ್‌ಗಳೇ ಹೆಚ್ಚು. ಆದರೆ ದನಿ ಸ್ಥಿರವಾಗುವುದು ಇಲ್ಲೇ. ಆಮೇಲೆ ಒಳಗಿನ ಪ್ರಶ್ನೆಗಳು: ‘ಈ ಚಿತ್ರದಲ್ಲಿ ನೀವು ಎಲ್ಲಿದ್ದೀರಿ?’, ‘ಚೌಕಟ್ಟಿನ ಹೊರಗೆ ಏನಿದೆ?’, ‘ಹತ್ತು ನಿಮಿಷದ ಬಳಿಕ ಇಲ್ಲಿ ಏನಾಗಿರುತ್ತದೆ?’ ‘ಇದನ್ನೇ ಏಕೆ ಆರಿಸಿದಿರಿ?’ ಎಂದು ಮಾತ್ರ ಕೇಳಬೇಡಿ. ಏಕೆ ಎಂದೊಡನೆ ಮನುಷ್ಯ ಸಮರ್ಥನೆಗೆ ಇಳಿಯುತ್ತಾನೆ.

ಈಗ ನನ್ನ ಪಾಲಿಗೆ ಅತಿ ಮುಖ್ಯವಾದ ನಿಯಮ. ಚಿತ್ರದ ಅರ್ಥ ಅದನ್ನು ಆರಿಸಿದವರದು. ಖಾಲಿ ಬೆಂಚನ್ನು ಹಿಡಿದು ಒಬ್ಬಾಕೆ ‘ಇದು ವಿಶ್ರಾಂತಿ’ ಎಂದಾಗ, ಪಕ್ಕದವರು ‘ಇಲ್ಲ, ನೀವು ಒಂಟಿಯಾಗಿದ್ದೀರಿ ಅನ್ನಿಸುತ್ತದೆ’ ಎಂದರೆ ಆಕೆ ಆ ದಿನ ಮತ್ತೆ ಬಾಯಿ ತೆರೆಯುವುದಿಲ್ಲ. ಅಂಥ ಮಾತನ್ನು ನಗುಮುಖದಿಂದಲೇ, ಆದರೆ ಅಲ್ಲೇ ತಡೆಯಿರಿ. ಉಳಿದವರು ಮಾತನಾಡಬಾರದೆಂದಲ್ಲ. ‘ಆ ಚಿತ್ರ ನನ್ನದಾಗಿದ್ದರೆ ನನಗೆ ಹೀಗೆ ಕಾಣುತ್ತಿತ್ತು’ ಎಂದು ಆರಂಭಿಸಲಿ. ಅದನ್ನು ಒಪ್ಪುವುದೂ ಬಿಡುವುದೂ ಆಕೆಗೆ ಬಿಟ್ಟದ್ದು. ಇದೇ ಕಟ್ಟಳೆ ಕೋಚ್‌ಗೂ ಅನ್ವಯಿಸುತ್ತದೆ, ಇನ್ನೂ ಬಿಗಿಯಾಗಿ: ನಡೆಸುವವರ ಊಹೆಯನ್ನು ಗುಂಪು ತೀರ್ಪೆಂದು ತಿಳಿಯುತ್ತದೆ.

ಕಣ್ಣು ತುಂಬಿದಾಗ

ಚಿತ್ರ ಕೆಲವೊಮ್ಮೆ ಯಾರೂ ನಿರೀಕ್ಷಿಸದ ನೆನಪನ್ನು ಎಬ್ಬಿಸುತ್ತದೆ. ಗಾಬರಿಯಾಗಬೇಡಿ, ಬಗೆದು ಕೇಳಲೂ ಬೇಡಿ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮುಂದುವರಿಸಬೇಕೇ ನಿಲ್ಲಿಸಬೇಕೇ ಎಂದು ಅವರನ್ನೇ ಕೇಳಿ. ಬಿಡುವಿನಲ್ಲಿ ಪ್ರತ್ಯೇಕವಾಗಿ ಮಾತನಾಡಿಸಿ. ಕೋಚಿಂಗ್ ಚಿಕಿತ್ಸೆಯಲ್ಲ. ನೋವು ಆಳವಾಗಿದ್ದರೆ ಆಪ್ತಸಮಾಲೋಚಕರನ್ನೋ ಮನೋವೈದ್ಯರನ್ನೋ ಕಾಣಲು ನೆರವಾಗುವುದು ನಿಮ್ಮ ಹೊಣೆ. ‘ನನ್ನ ಸರದಿ ಬಿಡುತ್ತೇನೆ’ ಎನ್ನುವ ಹಕ್ಕು ಎಲ್ಲರಿಗೂ ಇದೆ ಎಂಬುದನ್ನೂ, ಇಲ್ಲಿನ ಮಾತು ಇಲ್ಲೇ ಉಳಿಯಬೇಕೆಂಬುದನ್ನೂ ಆರಂಭದಲ್ಲೇ ಹೇಳಿರಬೇಕು. ಗುಂಪಿನಲ್ಲಿ ದೃಷ್ಟಿ ಮಂದವಾದವರಿದ್ದರೆ ಮುಟ್ಟಿ ತಿಳಿಯಬಹುದಾದ ವಸ್ತುಗಳನ್ನೂ ಜೊತೆಗಿಡಿ.

ಕೊನೆಯ ಕಾಲು ಗಂಟೆ ಮತ್ತೆ ಬರವಣಿಗೆಗೆ. ‘ಈ ಚಿತ್ರದಲ್ಲಿ ಒಂದನ್ನು ಬದಲಿಸುವುದಾದರೆ ಯಾವುದನ್ನು ಬದಲಿಸುತ್ತೀರಿ? ಅದಕ್ಕಾಗಿ ಈ ವಾರ ಏನು ಮಾಡುತ್ತೀರಿ?’ ಇಷ್ಟವಿದ್ದವರು ಓದಿ ಹೇಳಲಿ. ಎಂಟು ಜನರಿಗೆ ಒಟ್ಟು ಒಂದೂವರೆ ಗಂಟೆ ಬೇಕು. ಆನ್‌ಲೈನ್‌ನಲ್ಲಾದರೆ ಚಿತ್ರಗಳಿಗೆ ಸಂಖ್ಯೆ ಕೊಟ್ಟು ಒಂದೇ ಪರದೆಯಲ್ಲಿ ಹನ್ನೆರಡರಷ್ಟು ತೋರಿಸಿ. ಆರಿಸಿದ ಸಂಖ್ಯೆಯನ್ನು ಎಲ್ಲರೂ ಕಾಗದದಲ್ಲಿ ಬರೆದುಕೊಂಡ ಮೇಲೆಯೇ ಮೊದಲನೆಯವರು ಮಾತನಾಡಲಿ. ಯಾರು ಯಾವ ಚಿತ್ರ ಆರಿಸಿದರೆಂದು ಗುರುತು ಹಾಕಿಟ್ಟುಕೊಳ್ಳಿ. ಕೆಲವು ವಾರಗಳ ಬಳಿಕ ಅವೇ ಚಿತ್ರಗಳನ್ನು ಹರಡಿ, ಅದೇ ಪ್ರಶ್ನೆ ಕೇಳಿ, ಹಳೆಯ ಆಯ್ಕೆಯನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ಮಾತು ಆರಂಭಿಸಬಹುದು.